ಕತ್ತಿಯೋ, ಹಡಗೋ, ನೇಗಿಲೋ? ಇಸ್ಲಾಂ ಹರಡಿದ ಬಗೆಗೆ ಶಾಸನಗಳ ಸಾಕ್ಷಿ

ಆಸ್ಟ್ರಿಯಾ ದೇಶದ ವಿಯೆನ್ನಾದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಒಂದು ಹಳೆಯ ರಸೀದಿ ಇದೆ. ಪಪೈರಸ್ ಹಾಳೆಯ ಮೇಲೆ ಬರೆದದ್ದು. ಕಾಲ ಕ್ರಿ.ಶ. 643, ಹಿಜರಿ 22. ಅರಬ್ಬರು ಈಜಿಪ್ಟನ್ನು ಗೆಲ್ಲುತ್ತಿದ್ದ ದಿನಗಳು. ಇಹ್ನಾಸ್ ಎಂಬ ಊರಿನಲ್ಲಿ ಅಬ್ದುಲ್ಲಾ ಇಬ್ನ್ ಜಾಬಿರ್ ಎಂಬ ಸೇನಾಧಿಕಾರಿ ತನ್ನ ಜನರ ಊಟಕ್ಕೆ 65 ಕುರಿಗಳನ್ನು ತೆಗೆದುಕೊಂಡಿದ್ದಾನೆ. ತೆಗೆದುಕೊಂಡದ್ದಕ್ಕೆ ಲೆಕ್ಕ ಬರೆದು ಕೊಟ್ಟಿದ್ದಾನೆ. ಮೇಲೆ ಗ್ರೀಕ್ ಭಾಷೆ, ಕೆಳಗೆ ಅರಬ್ಬಿ. ಕುರಿ ಕೊಟ್ಟ ಸ್ಥಳೀಯ ಅಧಿಕಾರಿಗಳು ಕ್ರಿಸ್ಟೋಫೊರಸ್ ಮತ್ತು ಥಿಯೊಡೊರಾಕಿಯಸ್, ಇಬ್ಬರೂ ಕ್ರೈಸ್ತರು. ಗ್ರೀಕ್ ಭಾಗವನ್ನು ಬರೆದ ಕರಣಿಕನೂ ಒಬ್ಬ ಕ್ರೈಸ್ತ ಡೀಕನ್.

ಇಸ್ಲಾಂ ಜಗತ್ತಿನಲ್ಲಿ ಹೇಗೆ ಬೆಳೆಯಿತು ಅಂತ ಯಾರಾದರೂ ಕೇಳಿದಾಗ ನನಗೆ ಮೊದಲು ನೆನಪಾಗುವುದು ಈ ಕುರಿ ರಸೀದಿ.

ಒಮ್ಮೆ ಶಾಸನಾಸಕ್ತರ ಗುಂಪಿನೊಂದಿಗೆ ವಿಜಯಪುರಕ್ಕೆ ಹೋಗಿದ್ದೆ. ಗೋಲಗುಮ್ಮಟದ ಮುಂದೆ ನಿಂತಿದ್ದಾಗ ಜೊತೆಗಿದ್ದ ಹುಡುಗನೊಬ್ಬ ಇದೇ ಪ್ರಶ್ನೆ ಕೇಳಿದ. ಉತ್ತರಗಳು ಅಲ್ಲೇ ಸಿದ್ಧವಾಗಿದ್ದವು. ಒಬ್ಬರು "ಕತ್ತಿಯಿಂದ" ಅಂದರು. ಇನ್ನೊಬ್ಬರು "ಸಮಾನತೆಯ ಸಂದೇಶದಿಂದ, ಸೂಫಿಗಳ ಪ್ರೀತಿಯಿಂದ" ಅಂದರು. ಮೊಬೈಲಿನಲ್ಲಿ ಬಂದ ಸಂದೇಶಗಳನ್ನು ಇಬ್ಬರೂ ಪರಸ್ಪರ ತೋರಿಸಿಕೊಂಡರು. ಹದಿನೈದು ನಿಮಿಷದಲ್ಲಿ ಮಾತು ಬಿಸಿಯಾಯಿತು. ಹುಡುಗನ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಶಾಸನ ಓದುವವರಿಗೆ ಒಂದು ಅಭ್ಯಾಸ ಇರುತ್ತದೆ. ಕಲ್ಲು ಏನು ಹೇಳುತ್ತದೆ ಅಂತ ಕೇಳುವ ಮೊದಲು ಅದು ಯಾವ ಭಾಷೆಯಲ್ಲಿದೆ, ಯಾವ ಶಕೆಯ ಕಾಲ ಹಾಕಿದೆ, ಎಲ್ಲಿಂದ ಬಂದ ಕಲ್ಲು, ಯಾರು ಹಾಕಿಸಿದ್ದು ಅಂತ ಕೇಳುತ್ತೇವೆ. ಇದೇ ನಾಲ್ಕು ಪ್ರಶ್ನೆಗಳನ್ನು ಹಿಡಿದುಕೊಂಡು ಈಜಿಪ್ಟಿನಿಂದ ಜಾವಾದವರೆಗೆ ಒಂದು ಸುತ್ತು ಹಾಕೋಣ.

ರಾಜ್ಯ ಬಂತು, ಧರ್ಮ ತಡವಾಗಿ ಬಂತು

ಸೌದಿ ಅರೇಬಿಯಾದ ಅಲ್-ಉಲಾ ಸಮೀಪದ ಬಂಡೆಯೊಂದರ ಮೇಲೆ ಝುಹೈರ್ ಎಂಬಾತ ಒಂದು ಚಿಕ್ಕ ಬರಹ ಕೆತ್ತಿದ್ದಾನೆ. ದೇವರ ಹೆಸರು, ತನ್ನ ಹೆಸರು, ಉಮರ್ ತೀರಿಕೊಂಡ ಸಂಗತಿ, ವರ್ಷ 24. ಅಷ್ಟೇ. ಕ್ರಿ.ಶ. 644-45ರ ಈ ಬರಹ ಕಾಲ ನಮೂದಿಸಿರುವ ಅತಿ ಹಳೆಯ ಇಸ್ಲಾಮೀ ಶಿಲಾಲೇಖಗಳಲ್ಲಿ ಒಂದು. ಎರಡನೇ ಖಲೀಫ ಉಮರರ ಕಾಲದಲ್ಲೇ ಸಿರಿಯಾ, ಇರಾಕ್, ಈಜಿಪ್ಟ್ ಅರಬ್ಬರ ಕೈ ಸೇರಿದ್ದವು. 651ರಲ್ಲಿ ಇರಾನಿನ ಸಸಾನಿಯನ್ ವಂಶದ ಕೊನೆಯ ರಾಜ ಮೂರನೇ ಯಜ್ದಗಿರ್ದ್ ಕೊಲೆಯಾದ. ಇಪ್ಪತ್ತು ವರ್ಷದೊಳಗೆ ಒಂದು ದೊಡ್ಡ ಸಾಮ್ರಾಜ್ಯ ಪೂರ್ತಿ ಹೋಗಿತ್ತು, ಇನ್ನೊಂದು ಅರ್ಧ ಆಗಿತ್ತು. ಇದೆಲ್ಲ ಆದದ್ದು ಯುದ್ಧದಿಂದ, ಕತ್ತಿಯಿಂದ. ಇದರಲ್ಲಿ ಮುಚ್ಚುಮರೆ ಏನಿಲ್ಲ.

ಆದರೆ ಜನ ಆಗಲೇ ಮುಸ್ಲಿಮರಾದರೇ?

ಗಲಿಲೀ ಸರೋವರದ ಆಗ್ನೇಯಕ್ಕೆ ಹಮ್ಮತ್ ಗಡೇರ್ ಎಂಬಲ್ಲಿ ಬಿಸಿನೀರಿನ ಸ್ನಾನಗೃಹಗಳಿವೆ. ಅಲ್ಲಿ 662ರ ಒಂದು ಶಾಸನ ಸಿಕ್ಕಿದೆ. ಖಲೀಫ ಮುಆವಿಯರ ಆಳ್ವಿಕೆಯಲ್ಲಿ, ಅಬ್ದುಲ್ಲಾ ಎಂಬ ಪ್ರಾಂತ್ಯಾಧಿಕಾರಿ, ರೋಗಿಗಳಿಗೆ ಉಪಯೋಗವಾಗಲಿ ಅಂತ ಸ್ನಾನಗೃಹವನ್ನು ಜೀರ್ಣೋದ್ಧಾರ ಮಾಡಿಸಿದ ವಿಷಯ ಅದರಲ್ಲಿದೆ. ಭಾಷೆ ಗ್ರೀಕ್. ಕಾಲವನ್ನು ಊರಿನ ಹಳೆಯ ರೋಮನ್ ಶಕೆಯಲ್ಲೂ ಹಾಕಿದ್ದಾರೆ, "ಅರಬ್ಬರ ಪ್ರಕಾರ ವರ್ಷ 42" ಅಂತಲೂ ಹಾಕಿದ್ದಾರೆ. ಕೆಲಸದ ಉಸ್ತುವಾರಿ ಗಡಾರ ಊರಿನ ಯೋಹಾನ ಎಂಬವನದು. ಇನ್ನು ಶಾಸನದ ಮೊದಲ ಅಕ್ಷರಕ್ಕೂ ಮುಂಚೆ ಏನಿದೆ ಗೊತ್ತೇ? ಒಂದು ಶಿಲುಬೆ! ಖಲೀಫನ ಹೆಸರಿರುವ ಸರ್ಕಾರಿ ಶಾಸನಕ್ಕೆ ಶಿಲುಬೆಯ ಆರಂಭ. ನಮ್ಮ ಕಡೆ ಸ್ವಸ್ತಿ ಶ್ರೀ ಅಂತ ರೂಢಿಯಂತೆ ಬರೆದ ಹಾಗೆ, ಅಲ್ಲಿನ ಕಲ್ಲುಕುಟಿಗ ತನ್ನ ರೂಢಿಯಂತೆ ಕೆತ್ತಿದ್ದಾನೆ. ಯಾರೂ ಅಳಿಸಿಲ್ಲ.

ಆ ಕಾಲದ ಇರಾನಿನ ನಾಣ್ಯಗಳೂ ಹೀಗೇ ಇವೆ. ನಡುವೆ ಹಳೆಯ ಸಸಾನಿಯನ್ ರಾಜನ ಮುಖ, ಹಿಂದೆ ಅಗ್ನಿವೇದಿ, ಅಂಚಿನಲ್ಲಿ ಮಾತ್ರ "ಬಿಸ್ಮಿಲ್ಲಾ". ಖಲೀಫ ಅಬ್ದುಲ್ ಮಲಿಕ್ ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಜೆರುಸಲೇಮಿನ ಶಿಲಾಗುಮ್ಮಟದ ಒಳಗೆ ಸುಮಾರು 240 ಮೀಟರ್ ಉದ್ದಕ್ಕೆ ಹರಿದಿರುವ ಅರಬ್ಬಿ ಬರಹದ ಕಾಲ ಹಿಜರಿ 72, ಅಂದರೆ 691-92. ಚಿತ್ರಗಳನ್ನು ಬಿಟ್ಟು ಬರೀ ಅಕ್ಷರಗಳಿದ್ದ ಚಿನ್ನದ ದಿನಾರ್ ಬಂದದ್ದು ಹಿಜರಿ 77ರಲ್ಲಿ. ಕಡತದ ಭಾಷೆಯೂ ನಿಧಾನಕ್ಕೆ ಅರಬ್ಬಿಯಾಯಿತು. ಕರಣಿಕ ಕೆಲಸ ಬೇಕೆಂದವನು ಅರಬ್ಬಿ ಕಲಿಯಲೇಬೇಕಾಯಿತು.

ಜನ ಯಾವಾಗ ಬದಲಾದರು ಅನ್ನೋದನ್ನು ಅಳೆಯಲು ಅಮೆರಿಕದ ಇತಿಹಾಸಕಾರ ರಿಚರ್ಡ್ ಬುಲಿಯಟ್ ಒಂದು ಜಾಣ ದಾರಿ ಹುಡುಕಿದರು. ಇರಾನಿನ ವಿದ್ವಾಂಸರ ಚರಿತ್ರಕೋಶಗಳಲ್ಲಿ ಪ್ರತಿಯೊಬ್ಬರ ವಂಶಾವಳಿ ಇರುತ್ತದೆ: ಇಂಥವನ ಮಗ, ಇಂಥವನ ಮೊಮ್ಮಗ ಅಂತ. ಹಿಂದೆ ಹಿಂದೆ ಹೋದಂತೆ ಒಂದು ಕಡೆ ಅರಬ್ಬಿ ಹೆಸರು ನಿಂತು ಪಾರಸಿ ಹೆಸರು ಶುರುವಾಗುತ್ತದೆ. ಆ ತಲೆಮಾರಿನಲ್ಲಿ ಆ ಮನೆ ಮತಾಂತರವಾಗಿದೆ ಅಂತ ಲೆಕ್ಕ. ವಂಶಾವಳಿ ನೋಡಿ ಕಾಲ ಕಟ್ಟುವ ಈ ಕೆಲಸ ನಮಗೇನೂ ಹೊಸದಲ್ಲ. 1979ರಲ್ಲಿ ಪ್ರಕಟವಾದ ಅವರ ಪುಸ್ತಕ ತೋರಿಸಿದ್ದು ಇಷ್ಟು: ಮೊದಲ ನೂರು ವರ್ಷ ಮತಾಂತರ ಅತ್ಯಲ್ಪ, 9ನೇ ಶತಮಾನದಲ್ಲಿ ವೇಗ ಹೆಚ್ಚಿತು, 10ನೇ ಶತಮಾನದ ಹೊತ್ತಿಗೆ ಇರಾನಿನ ನಗರಗಳ ಬಹುಪಾಲು ಜನ ಮುಸ್ಲಿಮರು. ರಾಜ್ಯ ಬಿದ್ದು ಇನ್ನೂರು ವರ್ಷ ಕಳೆದ ಮೇಲೆ! ಚರಿತ್ರಕೋಶದಲ್ಲಿ ಸೇರಿದವರು ಪಟ್ಟಣದ ಓದಿದ ಜನ, ಹಾಗಾಗಿ ಹಳ್ಳಿಗಳ ಲೆಕ್ಕ ಇನ್ನೂ ನಿಧಾನ ಇದ್ದಿರಬೇಕು. ಈಜಿಪ್ಟಿನಲ್ಲಂತೂ ಕ್ರೈಸ್ತರು ಹಲವು ಶತಮಾನ ಬಹುಸಂಖ್ಯಾತರಾಗಿಯೇ ಇದ್ದರು.

ಹಾಗಾದರೆ ಕತ್ತಿಗೆ ಏನೂ ಪಾತ್ರ ಇಲ್ಲವೇ? ಇದೆ, ಆದರೆ ಬೇರೆ ಥರದ್ದು. ಕತ್ತಿ ಒಂದು ವ್ಯವಸ್ಥೆಯನ್ನು ತಂದು ಕೂರಿಸಿತು. ಆ ವ್ಯವಸ್ಥೆಯಲ್ಲಿ ಮುಸ್ಲಿಮೇತರ ಜಿಜಿಯಾ ತೆರಿಗೆ ಕಟ್ಟಬೇಕು. ಮುಸ್ಲಿಮ್ ಗಂಡಸು ಕ್ರೈಸ್ತ ಅಥವಾ ಯಹೂದಿ ಹೆಣ್ಣನ್ನು ಮದುವೆಯಾಗಬಹುದು, ಮಕ್ಕಳು ಮುಸ್ಲಿಮರು. ಮುಸ್ಲಿಮ್ ಹೆಣ್ಣು ಹೊರಗಿನವನನ್ನು ಮದುವೆಯಾಗುವಂತಿಲ್ಲ. ಒಳಗೆ ಬಂದವನು ಹೊರಗೆ ಹೋದರೆ ಶಾಸ್ತ್ರದಲ್ಲಿ ಕಠಿಣ ಶಿಕ್ಷೆ. ಯುದ್ಧದಲ್ಲಿ ಸೆರೆಸಿಕ್ಕ ಗುಲಾಮರು ಬಿಡುಗಡೆಯಾಗುವಾಗ ಒಡೆಯನ ಧರ್ಮದಲ್ಲೇ ನೆಲೆಯಾಗುತ್ತಿದ್ದರು. ಒಂದೇ ಕಡೆಗೆ ತೆರೆಯುವ ಬಾಗಿಲು ಇದ್ದಂತೆ. ಯಾರೂ ತಳ್ಳದಿದ್ದರೂ ನೂರಾರು ವರ್ಷಗಳಲ್ಲಿ ಮನೆ ತುಂಬುತ್ತದೆ. ಇದರಲ್ಲೊಂದು ತಮಾಷೆಯೂ ಇದೆ. ಜನ ಮುಸ್ಲಿಮರಾದರೆ ತೆರಿಗೆ ಕಡಿಮೆಯಾಗುತ್ತದೆ ಅಂತ ಕೆಲವು ಅಧಿಕಾರಿಗಳೇ ಮತಾಂತರಕ್ಕೆ ಅಡ್ಡಿ ಮಾಡಿದರು. ಮತಾಂತರವಾದವರಿಂದ ಜಿಜಿಯಾ ತೆಗೆದುಕೊಳ್ಳಬೇಡಿ ಅಂತ ಎರಡನೇ ಉಮರ್ (717-720) ಆಜ್ಞೆ ಮಾಡಬೇಕಾಗಿ ಬಂದದ್ದೇ ಅದಕ್ಕೆ ಸಾಕ್ಷಿ.

ರಾಷ್ಟ್ರಕೂಟರ ರೇವಿನಲ್ಲಿ ಒಬ್ಬ ಮಹಮದ್

ಈಗ ನಮ್ಮ ಸಮುದ್ರದ ಕಡೆ ಬರೋಣ. ಇಲ್ಲಿ ಕಥೆಯೇ ಬೇರೆ, ಯಾಕೆಂದರೆ ಇಲ್ಲಿ ರಾಜ್ಯ ಮುಸ್ಲಿಮರದಲ್ಲ.

ಮಹಾರಾಷ್ಟ್ರದ ಚಿಂಚಣಿಯಲ್ಲಿ ಸಿಕ್ಕ ತಾಮ್ರಪಟಗಳಲ್ಲಿ ಒಂದು ಶಕವರ್ಷ 848ರದು, ಅಂದರೆ ಕ್ರಿ.ಶ. 926. ಮಳಖೇಡದಿಂದ ಆಳುತ್ತಿದ್ದ ನಮ್ಮ ರಾಷ್ಟ್ರಕೂಟ ದೊರೆ ಮೂರನೇ ಇಂದ್ರನ ಕಾಲ. ಭಾಷೆ ಸಂಸ್ಕೃತ. ಸಂಜಾನ ಮಂಡಲವನ್ನು ಆಳುತ್ತಿದ್ದವನ ಹೆಸರು ಮಧುಮತಿ ಸುಗತಿಪ, ಜನಾಂಗ ತಾಜಿಕ. ತಾಜಿಕ ಅಂದರೆ ಅರಬ್. ಮಧುಮತಿ ಅಂದರೆ ಮುಹಮ್ಮದ್. ಎರಡನೇ ಕೃಷ್ಣನೇ ಇವನಿಗೆ ಮಂಡಲವನ್ನು ಒಪ್ಪಿಸಿದ್ದ. ಈತ ಎರಡು ಹೊಳೆಗಳನ್ನು ದಾಟಲು ಉಚಿತ ದೋಣಿ ಇಡಿಸಿದ, ಅನ್ನ, ಮೇಲೋಗರ, ತುಪ್ಪ ಬಡಿಸುವ ಸತ್ರ ನಡೆಸಿದ. ದೇವಿಯ ಪೂಜೆ ನಡೆಯುವ ಮಠಕ್ಕೆ ಭೂಮಿ ದತ್ತಿ ಕೊಡುವುದಕ್ಕೆ ದೊರೆಯ ಒಪ್ಪಿಗೆಯನ್ನೂ ಕೊಡಿಸಿದ. ಅರಬ್ ಅಧಿಕಾರಿ, ಕನ್ನಡನಾಡಿನ ಚಕ್ರವರ್ತಿ, ಬ್ರಾಹ್ಮಣ ಸ್ಥಾಪಿಸಿದ ಮಠ, ಮೂರೂ ಒಂದೇ ತಗಡಿನ ಮೇಲೆ.

ಇನ್ನೂ ದಕ್ಷಿಣಕ್ಕೆ ಬಂದರೆ ಗೋವೆಯ ಕದಂಬರು. 11ನೇ ಶತಮಾನದ ನಡುಭಾಗದಲ್ಲಿ ಮೊದಲನೇ ಜಯಕೇಶಿಯ ಮಂತ್ರಿಯಾಗಿದ್ದವನು ಛಡಮ. ಇವನೂ ತಾಜಿಕ ಮನೆತನದವನು. ಹಿಂದೊಮ್ಮೆ ಕದಂಬ ದೊರೆ ಸೋಮನಾಥ ಯಾತ್ರೆಗೆ ಹೊರಟಾಗ ಹಡಗಿನ ಕೂವೆಮರ ಮುರಿದು, ಇವನ ಪೂರ್ವಜ ಮದುಮದ ನೆರವಿಗೆ ಬಂದ ಕಥೆ ಶಾಸನದಲ್ಲಿ ಬರುತ್ತದೆ. ಛಡಮ ಗೋಪಕಪಟ್ಟಣದಲ್ಲಿ ಒಂದು "ಮಿಜಿಗಿತಿ" ಕಟ್ಟಿಸಿದ. ಅದರ ಖರ್ಚಿಗೆ ಬಂದರಿಗೆ ಬರುವ ಹಡಗುಗಳ ಮೇಲೆ ಸುಂಕ ಗೊತ್ತುಮಾಡಲಾಯಿತು. ಮಸ್ಜಿದ್ ಎಂಬ ಅರಬ್ಬಿ ಪದ ಸಂಸ್ಕೃತ ಶಾಸನದೊಳಗೆ ಬಂದು ಹೀಗೆ ಮಿಜಿಗಿತಿಯಾಗಿದೆ. ಪದ ಬಂದಿದೆ ಅಂದರೆ ಜನ ಬಂದು ನೆಲೆಸಿದ್ದಾರೆ, ಸುತ್ತಲಿನವರು ಅವರನ್ನು ಹೆಸರಿಟ್ಟು ಕರೆಯುತ್ತಿದ್ದಾರೆ ಅಂತಲೇ ಅರ್ಥ.

849ರ ಕೊಲ್ಲಂ ತಾಮ್ರಪಟಗಳಲ್ಲಿ ಒಂದು ಕ್ರೈಸ್ತ ಇಗರ್ಜಿಗೆ ಕೊಟ್ಟ ದತ್ತಿಗೆ ಸಾಕ್ಷಿ ಹಾಕಿದವರು ಕುಫಿ ಅರಬ್ಬಿ ಲಿಪಿಯಲ್ಲಿ, ಪಹ್ಲವಿಯಲ್ಲಿ, ಹೀಬ್ರೂ ಅಕ್ಷರದ ಪಾರಸಿಯಲ್ಲಿ ಸಹಿ ಮಾಡಿದ್ದಾರೆ. ಅದೇ ತಗಡುಗಳಲ್ಲಿ "ಅಂಜುವಣ್ಣಂ" ಎಂಬ ವರ್ತಕರ ಕೂಟದ ಹೆಸರಿದೆ. ನಮ್ಮ ಕರಾವಳಿಯ ಶಾಸನಗಳಲ್ಲಿ "ಹಂಜಮಾನ" ಅಂತ ಓದಿರುತ್ತೀರಿ; ಅದೂ ಇದೇ ಪದ. ಮೂಲ ಪಾರಸಿಯ ಅಂಜುಮನ್, ಅಂದರೆ ಸಭೆ, ಕೂಟ. ಇವತ್ತಿಗೂ ನಮ್ಮ ಊರುಗಳಲ್ಲಿ ಅಂಜುಮನ್ ಎಂಬ ಹೆಸರಿನ ಶಾಲೆ, ಸಂಸ್ಥೆಗಳಿವೆ. ಸಾವಿರ ವರ್ಷದ ಹಿಂದೆ ಹಡಗಿನಲ್ಲಿ ಬಂದ ಪದ ಇನ್ನೂ ಇಳಿದು ಹೋಗಿಲ್ಲ.

ವೇರಾವಳದ ಎರಡು ಪಾಠಗಳು

ಈ ವಿಷಯದಲ್ಲಿ ನಾನು ತುಂಬ ಇಷ್ಟಪಡುವ ಶಾಸನ ಸೋಮನಾಥದ್ದು, ವೇರಾವಳ ಶಾಸನ ಅಂತ ಹೆಸರು. ಕಾಲ 1264. ಘಜ್ನಿಯ ಮಹಮೂದ ಸೋಮನಾಥವನ್ನು ಒಡೆದು 238 ವರ್ಷ ಆಗಿತ್ತು. ಹೊರ್ಮುಜ್‌ನ ನಾಖುದಾ, ಅಂದರೆ ಹಡಗಿನ ಯಜಮಾನ, ನೂರುದ್ದೀನ್ ಫಿರೋಜ್ ಅಲ್ಲಿ ಒಂದು ಮಸೀದಿ ಕಟ್ಟಿಸುತ್ತಾನೆ. ದೊರೆ ವಾಘೇಲ ಅರ್ಜುನದೇವ. ಊರಿನ ಹಿರಿಯರು, ಪಾಶುಪತ ಮಠಾಧಿಪತಿ ಎಲ್ಲರ ಎದುರಿಗೆ ಭೂಮಿ ಪಡೆದದ್ದು. ಕಾಲವನ್ನು ನಾಲ್ಕು ಶಕೆಗಳಲ್ಲಿ ಹಾಕಿದ್ದಾರೆ: ಹಿಜರಿ 662, ವಿಕ್ರಮ 1320, ವಲಭಿ 945, ಸಿಂಹ 151. ಸಂಸ್ಕೃತ ಪಾಠ ದೇವರನ್ನು ವಿಶ್ವನಾಥ, ಶೂನ್ಯರೂಪ, ವಿಶ್ವರೂಪ ಅಂತ ಕರೆಯುತ್ತದೆ. ಮುಸ್ಲಿಮರ ದೇವರಿಗೆ ಶೈವರ ಊರಿನಲ್ಲಿ ಸಿಕ್ಕ ಹೆಸರು ವಿಶ್ವನಾಥ.

ಇಷ್ಟು ಓದಿ ಭಾವುಕರಾಗಿ ಲೇಖನ ಮುಗಿಸುವವರು ಬಹಳ ಜನ. ಆದರೆ ಇದರ ಅರಬ್ಬಿ ಪಾಠ ಬೇರೆ ಇದೆ. ಅದರಲ್ಲಿ ಈ ಊರು ಇಸ್ಲಾಮಿನ ಊರಾಗಲಿ, ವಿಗ್ರಹಾರಾಧನೆ ಹೋಗಲಿ ಎಂಬ ಹಾರೈಕೆ ಇದೆ. ಸಂಸ್ಕೃತ ಪಾಠದಲ್ಲಿ ಅದರ ಸುಳಿವೂ ಇಲ್ಲ. ನೆರೆಯವರು ಓದುವುದು ಒಂದು, ತಮ್ಮವರು ಓದುವುದು ಇನ್ನೊಂದು. ದ್ವಿಭಾಷಾ ಶಾಸನ ಸಿಕ್ಕಾಗ ಎರಡೂ ಪಾಠ ಓದಬೇಕು ಅಂತ ಗುರುಗಳು ಹೇಳುತ್ತಿದ್ದದ್ದು ಇದಕ್ಕೇ. ಒಂದು ಪಾಠ ಮಾತ್ರ ಓದಿದರೆ ಸೌಹಾರ್ದದ ಕಥೆ, ಇನ್ನೊಂದು ಮಾತ್ರ ಓದಿದರೆ ಸಂಚಿನ ಕಥೆ. ಎರಡನ್ನೂ ಓದಿದರೆ ಮನುಷ್ಯರ ಕಥೆ: ತನ್ನ ಧರ್ಮ ಗೆಲ್ಲಲಿ ಅಂತ ಮನಸ್ಸಿನಲ್ಲಿ ಹಾರೈಸುತ್ತ, ವ್ಯಾಪಾರಕ್ಕೂ ನೆರೆಹೊರೆಗೂ ಬೇಕಾದ ಮರ್ಯಾದೆ ಪಾಲಿಸಿದವರು.

ಈ ಶಾಸನದಲ್ಲಿ ಇನ್ನೊಂದು ಸಾಲನ್ನು ಗಮನಿಸಿ. ಮಸೀದಿಯ ಆಸ್ತಿಯನ್ನು ನೋಡಿಕೊಳ್ಳಬೇಕಾದ ಜಮಾತುಗಳ ಪಟ್ಟಿ ಕೊಟ್ಟಿದ್ದಾರೆ. ನಾಖುದಾಗಳ ಜಮಾತು ಸರಿ. ಜೊತೆಗೆ ಗಾಣಿಗರ ಜಮಾತು, ಸುಣ್ಣದವರ ಜಮಾತು! ಗಾಣ ಹೊತ್ತುಕೊಂಡು ಯಾರೂ ಹೊರ್ಮುಜ್‌ನಿಂದ ಬರುವುದಿಲ್ಲ. ಇವರು ಬಹುಮಟ್ಟಿಗೆ ಊರಿನವರೇ ಇರಬೇಕು. ಇಸ್ಲಾಂ ಹಡಗಿನಿಂದಿಳಿದು ಕಸುಬಿನ ಕೇರಿಗೆ ಬಂದದ್ದರ ಗುರುತು ಇಲ್ಲಿದೆ. ಕತ್ತಿ ಹಿಡಿದವನು ಇಲ್ಲಿ ಯಾರೂ ಇಲ್ಲ. ರಾಜ ಹಿಂದೂ, ಸುಂಕ ಅವನದು, ನ್ಯಾಯ ಅವನದು.

ಕಲ್ಲು ಎಲ್ಲಿಂದ ಬಂತು?

ಅದೇ ಗುಜರಾತಿನ ಖಂಭಾತ್ ಬಂದರಿನಲ್ಲಿ ಗೋರಿಕಲ್ಲುಗಳನ್ನು ಕೆತ್ತುವ ದೊಡ್ಡ ಕಸುಬು ಇತ್ತು. ಅಮೃತಶಿಲೆಯ ಮೇಲೆ ಅರಬ್ಬಿ ಬರಹ, ನಡುವೆ ತೂಗುದೀಪ, ಬಳ್ಳಿ, ಹೂವು. ಗುಡಿಗಳಿಗೆ ಕೆತ್ತುತ್ತಿದ್ದ ಅದೇ ಕೈಗಳ ಕುಸುರಿ. ಈ ಕಲ್ಲುಗಳು ಹಡಗೇರಿ ಇಂಡೊನೇಷ್ಯಾ ತಲುಪಿದವು. ಜಾವಾದ ಗ್ರೆಸಿಕ್‌ನಲ್ಲಿ ಮಲಿಕ್ ಇಬ್ರಾಹಿಂ ಗೋರಿ (1419), ಸುಮಾತ್ರಾದ ಪಸೈನಲ್ಲಿ ರಾಣಿ ನಹ್ರಸಿಯಾ ಗೋರಿ (1428), ಎರಡೂ ಖಂಭಾತಿನ ಕಲ್ಲು. ಪಸೈನ ಮೊದಲ ಸುಲ್ತಾನ ಮಲಿಕ್ ಅಲ್-ಸಾಲಿಹ್ ತೀರಿಕೊಂಡದ್ದು ಅವನ ಗೋರಿಯ ಪ್ರಕಾರ ಹಿಜರಿ 696, ಅಂದರೆ 1297. ಅದಕ್ಕೆ ಕೆಲವೇ ವರ್ಷ ಮೊದಲು ಆ ಕರಾವಳಿಯಲ್ಲಿ ತಂಗಿದ್ದ ಮಾರ್ಕೊ ಪೋಲೊ, ಪೆರ್ಲಾಕ್ ಪಟ್ಟಣದ ಜನ ವರ್ತಕರ ಸಹವಾಸದಿಂದ ಮುಸ್ಲಿಮರಾಗಿದ್ದಾರೆ, ಬೆಟ್ಟದ ಜನ ಆಗಿಲ್ಲ ಅಂತ ಬರೆದಿದ್ದಾನೆ. ರೇವು ಮೊದಲು, ಬೆಟ್ಟ ಆಮೇಲೆ.

ಜಾವಾದಲ್ಲಿ ಇದಕ್ಕಿಂತ ಕುತೂಹಲದ ಕಲ್ಲುಗಳಿವೆ. ಹಿಂದೂ-ಬೌದ್ಧ ಮಜಪಹಿತ್ ಸಾಮ್ರಾಜ್ಯದ ರಾಜಧಾನಿ ಟ್ರೊವುಲಾನ್. ಅದರ ಪಕ್ಕದ ಟ್ರಲಯದಲ್ಲಿ ಮುಸ್ಲಿಮ್ ಗೋರಿಗಳಿವೆ. ಒಂದು ಕಡೆ ಅರಬ್ಬಿಯಲ್ಲಿ ಧರ್ಮವಾಕ್ಯ. ಕಾಲ ಮಾತ್ರ ಹಿಜರಿಯಲ್ಲಿಲ್ಲ. ನಮ್ಮ ಶಾಸನಗಳಲ್ಲಿ ದಿನಾ ನೋಡುವ ಶಕವರ್ಷ, ಅದೂ ಹಳೆಯ ಜಾವಾ ಅಂಕಿಗಳಲ್ಲಿ! ಅಲ್ಲಿಯ ಹಳೆಯದೊಂದು ಗೋರಿಯ ಕಾಲ ಶಕ 1298, ಅಂದರೆ 1376. ಕೆಲವು ಕಲ್ಲುಗಳ ಮೇಲೆ ಮಜಪಹಿತ್ ಅರಮನೆಯ ಸೂರ್ಯಲಾಂಛನವೂ ಇದೆ. ಹಯಂ ವುರುಕ್ ಸಿಂಹಾಸನದ ಮೇಲಿದ್ದ, ಸಾಮ್ರಾಜ್ಯ ಉಚ್ಛ್ರಾಯದಲ್ಲಿದ್ದ ಕಾಲ ಅದು. ಹೊರಗಿನ ವರ್ತಕನಾಗಿದ್ದರೆ ಹಿಜರಿ ಹಾಕಿಸುತ್ತಿದ್ದ. ಶಕವರ್ಷ, ಜಾವಾ ಅಂಕಿ, ಅರಮನೆಯ ಲಾಂಛನ ಮೂರೂ ಇದ್ದರೆ ಮಲಗಿದವರು ಆ ನೆಲದವರೇ, ಆಸ್ಥಾನಕ್ಕೆ ಹತ್ತಿರದವರೇ ಅಂತ ವಿದ್ವಾಂಸರು ತರ್ಕಿಸಿದ್ದಾರೆ. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಮುಸ್ಲಿಮರಿರುವ ದೇಶಗಳ ಸಾಲಿನಲ್ಲಿ ಮುಂಚೂಣಿಯಲ್ಲಿರುವ ಇಂಡೊನೇಷ್ಯಾಕ್ಕೆ ಯಾವ ಅರಬ್ ಸೈನ್ಯವೂ ಹೋಗಿರಲಿಲ್ಲ. ಮುಂದೆ ದೆಮಾಕ್‌ನಂಥ ಸ್ಥಳೀಯ ಸುಲ್ತಾನರು ಯುದ್ಧ ಮಾಡಿದ್ದು ನಿಜ, ಆದರೆ ಅಷ್ಟರಲ್ಲಿ ಬೇರು ಇಳಿದಿತ್ತು.

ಇದೇ ಮಾತು ಜಗತ್ತಿನ ಇನ್ನೊಂದು ತುದಿಯಲ್ಲೂ ಸಿಗುತ್ತದೆ. ಪಶ್ಚಿಮ ಆಫ್ರಿಕಾದ ಮಾಲಿಯಲ್ಲಿ, ನೈಜರ್ ನದಿಯ ತೀರದ ಗಾವೊ ಬಳಿ, ರಾಜರ ಗೋರಿಕಲ್ಲುಗಳು ಸಿಕ್ಕಿವೆ. ಮೊದಲನೆಯದು ಹಿಜರಿ 494, ಅಂದರೆ 1100ರದು. ಕಲ್ಲು ಸ್ಪೇನಿನ ಅಲ್ಮೆರಿಯಾದ ಅಮೃತಶಿಲೆ. ಸಮುದ್ರ ದಾಟಿ, ಸಹಾರಾ ಮರುಭೂಮಿಯನ್ನು ಒಂಟೆಯ ಮೇಲೆ ದಾಟಿ ಬಂದ ಕಲ್ಲು. ಚಿನ್ನ ಮತ್ತು ಉಪ್ಪಿನ ವ್ಯಾಪಾರದ ದಾರಿಯಲ್ಲಿ ರಾಜನ ಹೊಸ ಧರ್ಮವೂ, ಅವನ ಗೋರಿಕಲ್ಲೂ ಬಂದವು. ಖಂಭಾತಿನಿಂದ ಗ್ರೆಸಿಕ್‌ಗೆ, ಅಲ್ಮೆರಿಯಾದಿಂದ ಗಾವೊಗೆ. ಎರಡೂ ಕಡೆ ಕಲ್ಲು ಹೋದದ್ದು ಬಾಡಿಗೆ ಕೊಟ್ಟು.

ವರ್ತಕನ ಧರ್ಮ ರಾಜನಿಗೆ ಯಾಕೆ ಬೇಕಾಯಿತು? ದೂರದ ಊರುಗಳಲ್ಲಿ ನಂಬಿಕೆಯಿಂದ ಸಾಲ ಸಿಗುತ್ತದೆ. ಒಪ್ಪಂದಕ್ಕೆ ಎಲ್ಲ ರೇವಿನಲ್ಲೂ ನಡೆಯುವ ಒಂದೇ ಕಾನೂನು ಸಿಗುತ್ತದೆ. ಬರೆಯಲು ಲಿಪಿ, ಲೆಕ್ಕ ಇಡಲು ಓದಿದವನು ಸಿಗುತ್ತಾನೆ. ಬಂದ ವರ್ತಕ ಅಲ್ಲೇ ಮದುವೆಯಾಗುತ್ತಾನೆ, ಮಕ್ಕಳು ಎರಡೂ ಭಾಷೆ ಕಲಿಯುತ್ತಾರೆ. ಒಂದು ತಲೆಮಾರು ಕಳೆಯುವಷ್ಟರಲ್ಲಿ ಹೊರಗಿನದು ಮನೆಯದಾಗುತ್ತದೆ.

ದೆಹಲಿಯಲ್ಲಿ ಇಲ್ಲದ್ದು ಬಂಗಾಳದಲ್ಲಿ

ಕತ್ತಿಯ ವಾದಕ್ಕೆ ಬಲವಾದ ಶಾಸನ ಕೇಳಿದರೆ ನಾನೇ ಕೊಡುತ್ತೇನೆ. ದೆಹಲಿಯ ಕುವ್ವತುಲ್ ಇಸ್ಲಾಂ ಮಸೀದಿಯ ಪೂರ್ವ ಬಾಗಿಲ ಬರಹ, 27 ಗುಡಿಗಳ ಸಾಮಗ್ರಿಯನ್ನು ಈ ಕಟ್ಟಡಕ್ಕೆ ಬಳಸಲಾಗಿದೆ ಅಂತ ತಾನೇ ಹೇಳಿಕೊಳ್ಳುತ್ತದೆ. ಕಂಬಗಳನ್ನು ನೋಡಿದರೂ ಗೊತ್ತಾಗುತ್ತದೆ. ಇದನ್ನು ಬಚ್ಚಿಟ್ಟು ಇತಿಹಾಸ ಬರೆಯುವ ಅಗತ್ಯ ಯಾರಿಗೂ ಇಲ್ಲ.

ಆದರೆ ಒಂದು ಲೆಕ್ಕ ನೋಡಿ. ಆರು ಶತಮಾನ ಸುಲ್ತಾನರು, ಮೊಘಲರು ಕುಳಿತು ಆಳಿದ ದೆಹಲಿ-ಆಗ್ರಾ ಸುತ್ತಿನ ಬಯಲಿನಲ್ಲಿ ಮುಸ್ಲಿಮರು ಅಲ್ಪಸಂಖ್ಯಾತರಾಗಿಯೇ ಉಳಿದರು. ಬಹುಸಂಖ್ಯಾತರಾದದ್ದು ಅಲ್ಲಿಂದ ಬಹು ದೂರದ ಪೂರ್ವ ಬಂಗಾಳದಲ್ಲಿ, ಪಶ್ಚಿಮ ಪಂಜಾಬಿನಲ್ಲಿ. 1872ರ ಜನಗಣತಿಯಲ್ಲಿ ಪೂರ್ವ ಬಂಗಾಳದ ಕೆಲವು ಜಿಲ್ಲೆಗಳಲ್ಲಿ ಶೇ 70ಕ್ಕೂ ಹೆಚ್ಚು ಮುಸ್ಲಿಮರು ಕಂಡಾಗ ಬ್ರಿಟಿಷ್ ಅಧಿಕಾರಿಗಳೇ ಬೆರಗಾದರು. ಕತ್ತಿಯೇ ಕಾರಣವಾಗಿದ್ದರೆ ಅದು ಹರಿತವಾಗಿದ್ದ ಕಡೆ ಹೆಚ್ಚು ಮತಾಂತರ ಆಗಬೇಕಿತ್ತು. ಜಾತಿಯ ಶೋಷಣೆಯೊಂದೇ ಕಾರಣವಾಗಿದ್ದರೂ ಇದೇ ತೊಡಕು. ಜಾತಿಕಟ್ಟು ಬಿಗಿಯಾಗಿದ್ದ ಗಂಗಾ ಬಯಲನ್ನು ಬಿಟ್ಟು, ಅದು ಇನ್ನೂ ಸಡಿಲವಾಗಿದ್ದ ಗಡಿಯಲ್ಲಿ ಯಾಕೆ ಆಯಿತು?

ರಿಚರ್ಡ್ ಈಟನ್ 1993ರ ತಮ್ಮ ಬಂಗಾಳದ ಅಧ್ಯಯನದಲ್ಲಿ ಕೊಟ್ಟ ಉತ್ತರ ನೇಗಿಲು. ಗಂಗೆಯ ಮುಖ್ಯ ಹರಿವು ಪೂರ್ವಕ್ಕೆ ಸರಿಯಿತು. ಕಾಡು ಕಡಿದು ಭತ್ತದ ಗದ್ದೆ ಮಾಡಲು ಮೊಘಲ್ ಸರ್ಕಾರ ಭೂಮಿ ಕೊಟ್ಟಿತು. ಕಾಡು ಕಡಿಸಿದ ಮುಂದಾಳು ಅಲ್ಲೊಂದು ಹುಲ್ಲುಮಾಡಿನ ಮಸೀದಿ ಕಟ್ಟಿಸಿದ, ಸನದಿನ ಷರತ್ತೇ ಹಾಗಿರುತ್ತಿತ್ತು. ಗದ್ದೆಗೆ ಬಂದ ಜನ ಅದರ ಸುತ್ತ ನೆಲೆಸಿದರು, ನಿಧಾನಕ್ಕೆ ಅದರವರಾದರು. ಹಿಂದೂ ಮುಂದಾಳು ಗುಡಿಗಾಗಿ ಸನದು ಪಡೆದ ಕಡೆ ಗುಡಿಯ ಸುತ್ತ ಊರು ಬೆಳೆಯಿತು. ಸುಂದರಬನದ ಅಂಚಿನ ಬಾಗೇರ್‌ಹಾಟ್‌ನಲ್ಲಿ ಹಿಜರಿ 863ರ, ಅಂದರೆ 1459ರ ಗೋರಿ ಶಾಸನವಿದೆ, ಖಾನ್ ಜಹಾನನದು. ಜನ ಇವತ್ತಿಗೂ ಅವನನ್ನು ನೆನೆಯುವುದು ಕಾಡು ಕಡಿಸಿ ಕೆರೆ ತೋಡಿಸಿದವನು ಅಂತ. ನಮ್ಮಲ್ಲಿ ಕೆರೆ ಕಟ್ಟಿಸಿದವರ ಶಾಸನಗಳನ್ನು ಓದಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ವಿಜಯಪುರದ ಬಗೆಗೂ ಈಟನ್ 1978ರಲ್ಲೇ ಬರೆದಿದ್ದಾರೆ. ದಖನಿಯಲ್ಲಿ ಬೀಸುವಕಲ್ಲಿನ ಪದಗಳಿದ್ದವು, ಚರಕದ ಪದಗಳಿದ್ದವು. ಚಕ್ಕಿನಾಮಾ, ಚರ್ಖಾನಾಮಾ ಅಂತ ಹೆಸರು. ಬೀಸುವ ಹೆಂಗಸರ ಬಾಯಲ್ಲಿ ದೇವರ ಹೆಸರು, ಪೀರರ ಹೆಸರು ಕಲ್ಲಿನ ಜೊತೆ ತಿರುಗಿತು. ತಾಯಿಯಿಂದ ಮಕ್ಕಳಿಗೆ ಹೋಯಿತು. ದರ್ಗಾಕ್ಕೆ ಹರಕೆ ಹೊತ್ತವರೆಲ್ಲ ಮತಾಂತರವಾಗಲಿಲ್ಲ, ಇವತ್ತಿಗೂ ಕಲಬುರಗಿಯ ಬಂದೇನವಾಜ್ ಉರುಸಿಗೆ ಎಲ್ಲ ಜಾತಿಯವರೂ ಹೋಗುತ್ತಾರೆ. ಆದವರೂ ಒಂದು ದಿನ ಮುಹೂರ್ತ ನೋಡಿ ಆದದ್ದಲ್ಲ. ಮೊದಲು ಹರಕೆ, ಆಮೇಲೆ ಮಗುವಿನ ಹೆಸರು, ಆಮೇಲೆ ಮದುವೆ, ಕೊನೆಗೆ ಗೋರಿ. ಮೂರು ತಲೆಮಾರಿನ ಕೆಲಸ.

ಈಗಿನ ಬೆಳವಣಿಗೆ ತೊಟ್ಟಿಲಿನದು

ಇಲ್ಲಿಗೆ ಹಳೆಯ ಕಾಲ ಮುಗಿಯಿತು. ಇವತ್ತಿನ ಬೆಳವಣಿಗೆಗೆ ಕತ್ತಿ, ಹಡಗು, ನೇಗಿಲು ಯಾವುದೂ ಮುಖ್ಯ ಕಾರಣವಲ್ಲ. ಪ್ಯೂ ಸಂಶೋಧನಾ ಕೇಂದ್ರದ 2025ರ ವರದಿಯ ಪ್ರಕಾರ 2020ರಲ್ಲಿ ಜಗತ್ತಿನ ಮುಸ್ಲಿಮರು ಸುಮಾರು 200 ಕೋಟಿ, ಜನಸಂಖ್ಯೆಯ ಶೇ 25.6. ಹತ್ತು ವರ್ಷದಲ್ಲಿ 34.7 ಕೋಟಿ ಹೆಚ್ಚಳ. ಇದರಲ್ಲಿ ಮತಾಂತರದ ಪಾಲು ತೀರಾ ಕಡಿಮೆ. ಸೇರುವವರು, ಬಿಡುವವರು ಎರಡೂ ಕೆಲವೇ ಜನ. ಕಾರಣ ವಯಸ್ಸು ಮತ್ತು ಹೆರಿಗೆ. ಮುಸ್ಲಿಮ್ ಜನಸಂಖ್ಯೆಯ ಮಧ್ಯಮ ವಯಸ್ಸು 24, ಉಳಿದವರದು 33. ಹರೆಯದವರು ಹೆಚ್ಚಿದ್ದ ಕಡೆ ತೊಟ್ಟಿಲು ಹೆಚ್ಚು ತೂಗುತ್ತದೆ.

ಇದು ಧರ್ಮದ ಗುಣವೇ ಅಂತ ಕೇಳಿದರೆ, ಅಂಕಿಗಳು ಬೇರೆ ಹೇಳುತ್ತವೆ. ಇರಾನಿನಲ್ಲಿ 1980ರ ದಶಕದ ಆರಂಭದಲ್ಲಿ ಒಬ್ಬ ತಾಯಿಗೆ ಆರಕ್ಕೂ ಹೆಚ್ಚು ಮಕ್ಕಳು. ಒಂದು ತಲೆಮಾರಿನಲ್ಲಿ ಅದು ಎರಡಕ್ಕಿಂತ ಕೆಳಗಿಳಿಯಿತು. ಧರ್ಮ ಅದೇ, ಬದಲಾದದ್ದು ಹೆಣ್ಣುಮಕ್ಕಳ ಓದು, ಆಸ್ಪತ್ರೆ, ಕುಟುಂಬ ಯೋಜನೆ. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಭಾರತದ ಮುಸ್ಲಿಮರ ಹೆರಿಗೆ ದರ 1992-93ರಲ್ಲಿ 4.4 ಇದ್ದದ್ದು 2019-21ಕ್ಕೆ 2.36 ಆಗಿದೆ. ಹಿಂದೂಗಳದು 3.3ರಿಂದ 1.94ಕ್ಕೆ ಇಳಿದಿದೆ. ವ್ಯತ್ಯಾಸ ಇನ್ನೂ ಇದೆ, ಆದರೆ ಕುಗ್ಗುತ್ತಿದೆ. ಕೇರಳದ ಮುಸ್ಲಿಮರ ದರ ಬಿಹಾರದ ಹಿಂದೂಗಳ ದರಕ್ಕಿಂತ ಕಡಿಮೆ ಅನ್ನೋದನ್ನೂ ಜೊತೆಗೆ ಇಟ್ಟು ನೋಡಬೇಕು.

ಹುಡುಗನಿಗೆ ಉತ್ತರ

ಶಾಸನಗಳಿಗೂ ಒಂದು ಮಿತಿ ಇದೆ. ಕಲ್ಲು ಹಾಕಿಸಿದವರು ರಾಜರು, ವರ್ತಕರು, ಅಧಿಕಾರಿಗಳು. ಧರ್ಮ ಬದಲಿಸಿದ ಗಾಣಿಗ, ನೇಕಾರ, ಬೀಸುವ ಹೆಂಗಸು ಯಾಕೆ ಬದಲಿಸಿದೆವು ಅಂತ ಕಲ್ಲಿನಲ್ಲಿ ಬರೆಸಿಲ್ಲ. ಅವರ ಮನಸ್ಸಿನಲ್ಲಿ ನಿಜವಾದ ಭಕ್ತಿಯೇ ಇದ್ದಿರಬಹುದು, ತೆರಿಗೆಯ ಭಾರ ಇದ್ದಿರಬಹುದು, ಗಂಡನ ಮನೆ ಇದ್ದಿರಬಹುದು, ಭಯವೂ ಇದ್ದಿರಬಹುದು. ಯಾವುದೋ ಒಂದನ್ನು ಎಲ್ಲರ ತಲೆಗೂ ಕಟ್ಟುವ ಹಕ್ಕು ನಮಗಿಲ್ಲ.

ಆದರೆ ಇಷ್ಟನ್ನು ಕಲ್ಲುಗಳು ಗಟ್ಟಿಯಾಗಿ ಹೇಳುತ್ತವೆ. ರಾಜ್ಯ ಹರಡುವುದು ಬೇರೆ, ಧರ್ಮ ಹರಡುವುದು ಬೇರೆ. ಎರಡರ ನಡುವೆ ಇನ್ನೂರು, ಮುನ್ನೂರು ವರ್ಷದ ಅಂತರ ಇರಬಹುದು. ರಾಜ್ಯ ಹೋಗದ ಕಡೆಗೂ ಧರ್ಮ ಹೋಗಿದೆ. ರಾಜ್ಯ ಭದ್ರವಾಗಿ ಕೂತ ಕಡೆ ಧರ್ಮ ಹೆಚ್ಚು ಹರಡದೇ ಇದ್ದದ್ದೂ ಉಂಟು. ಹಾಗಾಗಿ "ಇಸ್ಲಾಂ ಹೇಗೆ ಬೆಳೆಯಿತು" ಎಂಬ ಪ್ರಶ್ನೆಗೆ ಎಲ್ಲಿ, ಯಾವಾಗ ಅಂತ ಮೊದಲು ಮರುಪ್ರಶ್ನೆ ಹಾಕಬೇಕು. ಇರಾನಿಗೆ ಒಂದು ಉತ್ತರ, ಜಾವಾಕ್ಕೆ ಇನ್ನೊಂದು, ಬಂಗಾಳಕ್ಕೆ ಮತ್ತೊಂದು, 2020ಕ್ಕೆ ಬೇರೆಯೇ.

ಆ ದಿನ ಗೋಲಗುಮ್ಮಟದ ಮುಂದೆ ಜಗಳ ನಿಲ್ಲಿಸುವುದರಲ್ಲೇ ಹೊತ್ತು ಹೋಯಿತು, ಇದನ್ನು ಹೇಳಲಾಗಲಿಲ್ಲ. ಆ ಹುಡುಗ ಇದನ್ನು ಓದುತ್ತಿದ್ದರೆ ಒಂದು ಕೆಲಸ ಮಾಡಲಿ. ಮುಂದಿನ ಸಲ ಯಾರಾದರೂ ಒಂದೇ ಸಾಲಿನ ಉತ್ತರ ಕೊಟ್ಟಾಗ, ವೇರಾವಳದ ಕಲ್ಲಿನ ಮುಂದೆ ಕೇಳುವ ಹಾಗೆ ಕೇಳಲಿ: ಇನ್ನೊಂದು ಪಾಠದಲ್ಲಿ ಏನಿದೆ?